ಬ್ಯಾಟರಿ ಖೋಲಿ

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಮ್ಮಣ್ಣನ ಮಗ ಶರಣಸಿರಸಗಿಯಿಂದ ಸ್ಕೂಟರ್ ಹಾಕಿಕೊಂಡು ಬಂದ. ಊರ ಹೊರಗಿನ ಹೊಲದ ಅಂಚಿನಲ್ಲಿ ಅವನು ತೊಗರಿಬೇಳೆ ಮಿಲ್ಲು ಕಟ್ಟಿಸುತ್ತಿದ್ದ. ಕೈಯಲ್ಲಿ ಬ್ಯಾಟರಿ ಮಾರುವವರು ಕೊಟ್ಟ ಕೊಟೇಶನ್ ಇತ್ತು.

"ಅತ್ತಿ, ನೀವು ಫೋನಾಫೀಸಿನಾಗ ಇದ್ದವರು, ಒಂಚೂರು ನೋಡ್ರಿ. ಇದು ಕ್ಯಾಲ್ಸಿಯಂ ಬ್ಯಾಟರಿ ಅಂತ. ಇಪ್ಪತ್ತು ವರ್ಷ ಬರತದಂತ. ಇಟ್ಟು ಮರತರ ಆಯ್ತಂತ."

ಬೇರೆಲ್ಲ ಸರಿಯಿತ್ತು, ಆ "ಮರತರ ಆಯ್ತಂತ" ಎನ್ನುವ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನಿಗೆ ಮಜ್ಜಿಗೆ ಕೊಟ್ಟು ಕೂಡಿಸಿದೆ. "ಮರೆತರೆ ಏನಾಗುತ್ತದೆ ಅನ್ನೋದು ನನಗೆ ಗೊತ್ತದ, ಕೇಳು" ಎಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಟೆಲಿಫೋನ್ ಆಪರೇಟರ್ ಆಗಿ ಕೆಲಸಕ್ಕೆ ಸೇರಿದ್ದು 1979ರಲ್ಲಿ. ಕಲಬುರಗಿ ಆಗಿನ್ನೂ ಸರಕಾರಿ ಕಾಗದದಲ್ಲಿ ಗುಲಬರ್ಗಾ. ಜಿಲ್ಲೆಯ ಒಂದು ಸಣ್ಣ ಊರಿನ ಎಕ್ಸ್‌ಚೇಂಜಿಗೆ ನನ್ನನ್ನು ಹಾಕಿದರು. ನಮ್ಮ ಸ್ವಿಚ್‌ಬೋರ್ಡಿನ ಹಿಂದಿನ ಗೋಡೆಯ ಆಚೆಗೆ ಒಂದು ಖೋಲಿ, ಯಾವಾಗಲೂ ಕಿಟಕಿ ತೆರೆದದ್ದು, ಹುಳಿ ವಾಸನೆಯದ್ದು. ಒಳಗೆ ಮರದ ಅಟ್ಟಣಿಗೆಯ ಮೇಲೆ ಸಾಲಾಗಿ 24 ಗಾಜಿನ ಪಾತ್ರೆಗಳು. ಮೊದಲ ದಿನ ನನಗೆ ಅವ್ವನ ಉಪ್ಪಿನಕಾಯಿ ಭರಣಿಗಳೇ ನೆನಪಾದವು. ಒಂದೊಂದು ಪಾತ್ರೆಯೂ ಒಂದು ಸೆಲ್, ಒಂದೊಂದು ಸೆಲ್ಲಿಗೆ ಎರಡು ವೋಲ್ಟ್, ಇಪ್ಪತ್ತನಾಲ್ಕಕ್ಕೆ 48. ಊರಿನ ಎಲ್ಲ ಟೆಲಿಫೋನುಗಳಿಗೂ ಜೀವ ಹೋಗುತ್ತಿದ್ದದ್ದು ಈ ಭರಣಿಗಳಿಂದ. ಮನೆಯಲ್ಲಿ ಕರೆಂಟು ಹೋದರೂ ಹಳೆಯ ಫೋನು ಯಾಕೆ ಸಾಯುತ್ತಿರಲಿಲ್ಲ ಎಂದು ನಿಮಗೆ ಎಂದಾದರೂ ಅನ್ನಿಸಿದ್ದರೆ ಉತ್ತರ ಇದೇ. ಮಾತಿಗೆ ಬೇಕಾದ ವಿದ್ಯುತ್ತು ಮಾತಿನ ತಂತಿಯಲ್ಲೇ ಎಕ್ಸ್‌ಚೇಂಜಿನಿಂದ ಬರುತ್ತಿತ್ತು.

ಆ ಖೋಲಿಯ ಒಡೆಯ ಒಬ್ಬ ಮೆಕ್ಯಾನಿಕ್. ನಾವು ಹೆಣ್ಣುಮಕ್ಕಳೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ವಾರಕ್ಕೊಮ್ಮೆ ಗಾಜಿನ ಕೊಳವೆಯಂಥ ಹೈಡ್ರೋಮೀಟರನ್ನು ಸೆಲ್ಲಿನಲ್ಲಿ ಅದ್ದಿ, ಆಸಿಡ್ ಎಳೆದು, ಒಳಗಿನ ತೇಲುಗುಂಡು ಎಷ್ಟಕ್ಕೆ ನಿಂತಿದೆ ಎಂದು ಕಣ್ಣು ಕಿರಿದು ಮಾಡಿ ನೋಡುವರು. ನಾನು ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಚಾರ್ಜ್ ಇಳಿದ ಹಾಗೆ ಆಸಿಡ್ ತೆಳುವಾಗುತ್ತದೆ, ಗುಂಡು ಕೆಳಗಿಳಿಯುತ್ತದೆ. ಪಾತ್ರೆಯಲ್ಲಿ ಮಟ್ಟ ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್, ಅದೂ ಚಾರ್ಜ್ ತುಂಬಿದ ಮೇಲೆ. "ತಂಗಿ, ಇದು ನೀರು ಕುಡಿತದ, ಆಸಿಡ್ ಕುಡಿಯೋದಿಲ್ಲ. ಆಸಿಡ್ ಹಾಕಿದವ್ನು ಅದಕ್ಕ ವೈರಿ" ಎನ್ನುತ್ತಿದ್ದರು.

ಆ ಖೋಲಿಗೆ ಮಾತ್ರ ಶಹಾಬಾದ್ ಕಲ್ಲು ಹಾಸಿರಲಿಲ್ಲ. ನಮ್ಮ ಕಡೆ ಅಂಗಳ, ಅಡುಗೆಮನೆ, ಕಟ್ಟೆ ಎಲ್ಲ ಆ ಕಲ್ಲೇ ಅಲ್ಲವೇ? ಯಾಕೆಂದು ಕೇಳಿದೆ. ಕಾಕಾ ಹೊರಗಿನ ಮೆಟ್ಟಿಲ ಮೇಲೆ ಒಂದು ಹನಿ ಆಸಿಡ್ ಬಿಟ್ಟರು. ಕಲ್ಲು ಬುಸಬುಸನೆ ನೊರೆ ಉಗುಳಿತು. ಶಹಾಬಾದ್ ಕಲ್ಲೆಂದರೆ ಸುಣ್ಣದ ಕಲ್ಲು, ಆಸಿಡ್ಡಿಗೆ ಅದು ತಿಂಡಿ. ನನ್ನ ಇಳಕಲ್ ಸೀರೆಗೂ ಅದೇ ಗತಿಯಾಯಿತು. ಹನಿ ಬಿದ್ದದ್ದು ಗೊತ್ತೇ ಆಗಲಿಲ್ಲ, ಒಗೆದ ಮೇಲೆ ಸೆರಗು ಜರಡಿ. ಅಂದಿನಿಂದ ಬಾಗಿಲ ಹತ್ತಿರ ಅಡುಗೆ ಸೋಡಾದ ಡಬ್ಬಿ ಇಟ್ಟೆವು. ದಸರೆಯ ಆಯುಧಪೂಜೆಗೆ ಎಲ್ಲ ಯಂತ್ರಕ್ಕೂ ಊದುಬತ್ತಿ ಬೆಳಗಿದರೂ ಕಾಕಾ ಬ್ಯಾಟರಿ ಖೋಲಿಗೆ ಹೊಸಿಲಾಚೆಯಿಂದ ಬರೀ ಹೂವು, ಕುಂಕುಮ. ಚಾರ್ಜ್ ಆಗುವಾಗ ನೀರು ಒಡೆದು ಹೈಡ್ರೋಜನ್ ಬರುತ್ತದೆ. ಮುಚ್ಚಿದ ಕೋಣೆಯ ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು.

ಈ ಭರಣಿಗಳ ವಂಶಾವಳಿ ಬಹಳ ಹಿಂದಿನದು. ಮುಂಬಯಿ ಕಡೆಯ ರೈಲು ಮತ್ತು ಮದರಾಸು ಕಡೆಯ ರೈಲು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದಾರಿಯಲ್ಲೇ ನಮ್ಮ ಊರು ಇತ್ತು. ಹಳಿಯ ಪಕ್ಕ ತಂತಿ ಕಂಬಗಳು ನಿಂತವು. ನಮ್ಮ ಸೀಮೆಯಲ್ಲಿ ಮನೆಗೆ ದೀಪ ಬರುವುದಕ್ಕೆ ಎಷ್ಟೋ ಮೊದಲು ಸ್ಟೇಶನ್ನಿನ ತಂತಿ ಯಂತ್ರ ಬ್ಯಾಟರಿಯಿಂದ ಕಟಕಟಿಸುತ್ತಿತ್ತು. ಆ ಕಾಲದ ಸೆಲ್ಲುಗಳಲ್ಲಿ ತಾಮ್ರ ಮತ್ತು ಸತುವು ಇರುತ್ತಿದ್ದವು, ಸತುವು ಸವೆದರೆ ಮುಗಿಯಿತು. ಸವೆದದ್ದನ್ನು ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ 1859ರಲ್ಲಿ ಮಾಡಿದ್ದ. 1881ರಲ್ಲಿ ಕಮೀಲ್ ಫೋರ್ ಎಂಬುವನು ಸೀಸದ ತಗಡಿಗೆ ಸೀಸದ ಆಕ್ಸೈಡಿನ ಕಣಕ ಮೆತ್ತಿ ಅದರ ಕಸುವು ಹೆಚ್ಚಿಸಿದ. ಆಮೇಲೆ ತಗಡಿನ ಬದಲು ಜಾಳಿಗೆ ಬಂತು. ಆದರೆ ಸೀಸ ಬಹಳ ಮೆತ್ತಗಿನ ಲೋಹ, ಉಗುರಿಗೇ ಗೀರು ಬೀಳುತ್ತದೆ. ಜಾಳಿಗೆ ಗಟ್ಟಿಯಾಗಲೆಂದು ಅದಕ್ಕೆ ಆಂಟಿಮನಿ ಬೆರೆಸಿದರು. ಹಿಂದಿನ ಕಾಲದಲ್ಲಿ ಕಣ್ಣಿಗೆ ಹಚ್ಚುವ ಸುರ್ಮಾ ಮಾಡುತ್ತಿದ್ದದ್ದು ಈ ಆಂಟಿಮನಿಯ ಅದಿರಿನಿಂದ.

ಸುರ್ಮಾದ ಲೋಹ ಸೀಸಕ್ಕೆ ಬಲ ಕೊಟ್ಟಿತು, ಜತೆಗೊಂದು ಚಾಳಿಯನ್ನೂ ಅಂಟಿಸಿತು. ಆಂಟಿಮನಿ ಮೆಲ್ಲಗೆ ಕರಗಿ ಆಚೆ ಬದಿಯ ಪ್ಲೇಟಿಗೆ ಹೋಗಿ ಕೂರುತ್ತದೆ. ಕೂತಲ್ಲಿ ನೀರು ಸುಲಭವಾಗಿ ಒಡೆಯುತ್ತದೆ. ಬ್ಯಾಟರಿಗೆ ವಯಸ್ಸಾದಷ್ಟೂ ಬಾಯಾರಿಕೆ ಹೆಚ್ಚು. ಟೆಲಿಫೋನಿನ ಬ್ಯಾಟರಿಯಂತೂ ಹಗಲು ರಾತ್ರಿ ಸಣ್ಣ ಉರಿಯ ಮೇಲೆ ಹಾಲಿಟ್ಟ ಹಾಗೆ ಚಾರ್ಜಿನ ಮೇಲೇ ಇರುತ್ತದೆ. ಕರೆಂಟು ಹೋದ ಗಳಿಗೆಗೆ ಮಾತ್ರ ಕೆಲಸ. ಈ ಸಣ್ಣ ಉರಿಗೆ ಫ್ಲೋಟ್ ಎನ್ನುತ್ತಾರೆ. ಅಮೆರಿಕದ ಬೆಲ್ ಲ್ಯಾಬೊರೇಟರಿಯ ಹೇರಿಂಗ್ ಮತ್ತು ಥಾಮಸ್ ಎಂಬ ಇಬ್ಬರು 1935ರಲ್ಲಿ ಆಂಟಿಮನಿಯ ಜಾಗದಲ್ಲಿ ಕ್ಯಾಲ್ಸಿಯಂ ಹಾಕಿ ನೋಡಿದ್ದನ್ನು ಪ್ರಕಟಿಸಿದರು. ಎಲೆಗೆ ಹಚ್ಚುವ ಸುಣ್ಣದಲ್ಲಿರುವುದೂ ಕ್ಯಾಲ್ಸಿಯಮ್ಮೇ. ನೂರು ಪಾಲು ಸೀಸಕ್ಕೆ ಅದರ ಒಂದು ಪಾಲಿನ ಹತ್ತನೆಯ ಅಂಶವೂ ಬೇಡ, ಚಿಟಿಕೆಗಿಂತ ಕಡಿಮೆ. ಸೀಸ ಗಟ್ಟಿಯಾಯಿತು, ನೀರಿನ ದಾಹ ಇಳಿಯಿತು.

ಅಲ್ಲೂ ಎಲ್ಲ ಸುಸೂತ್ರವೇನಲ್ಲ. ವರ್ಷಗಳು ಕಳೆದಂತೆ ಕ್ಯಾಲ್ಸಿಯಮ್ಮಿನ ಜಾಳಿಗೆ ತುಕ್ಕು ಹಿಡಿಯುತ್ತಾ ಉಬ್ಬಿ ಬೆಳೆಯುತ್ತದೆ, ಪಾತ್ರೆಯನ್ನೇ ಸೀಳುವುದೂ ಉಂಟು. ಆ ಕಾಟಕ್ಕೆ ಬೇಸತ್ತು ಬೆಲ್‌ನವರೇ 1970ರ ದಶಕದಲ್ಲಿ ಶುದ್ಧ ಸೀಸದ ದುಂಡು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಬೇರೊಂದು ಸೆಲ್ ಮಾಡಿದರು.

ನಮ್ಮ ಭರಣಿಗಳು ಹಳೆಯ ಸುರ್ಮಾ ಜಾತಿಯವು. ಅವುಗಳ ಬೆಲೆ ನನಗೆ ಗೊತ್ತಾದದ್ದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ. ಹಿಂದಿನ ಸಂಜೆ ಗಣಪತಿ ಕಳಿಸಿ ಎಲ್ಲರೂ ದಣಿದು ಮಲಗಿದ್ದೆವು. ನಾಲ್ಕು ಗಂಟೆಗೆ ನಾಲ್ಕು ನಿಮಿಷ ಇರುವಾಗ ನೆಲ ಗುಡುಗಿತು. ಗೂಡಿನ ಪಾತ್ರೆಗಳೆಲ್ಲ ಉರುಳಿದವು. ಆಳಂದದ ಆಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜೀವ ಮಣ್ಣಿನ ಗೋಡೆಗಳಡಿ ಹೋಗಿದ್ದು ನಮಗೆ ಆಗ ತಿಳಿದಿರಲಿಲ್ಲ. ಕರೆಂಟು ಹೋಯಿತು. ನಮ್ಮ ಕ್ವಾರ್ಟರ್ಸ್ ಎಕ್ಸ್‌ಚೇಂಜಿನ ಹಿಂದೆಯೇ ಇತ್ತು. ರಾತ್ರಿ ಪಾಳಿಯ ಹುಡುಗನೊಬ್ಬನೇ ಇದ್ದಾನೆಂದು ನಾನು ಕೂದಲು ಕಟ್ಟಿಕೊಳ್ಳುತ್ತಾ ಓಡಿದೆ. ಕತ್ತಲೆಯಲ್ಲಿ ಬೋರ್ಡಿನ ತುಂಬ ದೀಪ. ಉಮರ್ಗಾಕ್ಕೆ ಕೊಡ್ರಿ, ಸೋಲಾಪುರಕ್ಕೆ ಕೊಡ್ರಿ, ಮಗಳನ್ನು ಲಾತೂರಿಗೆ ಕೊಟ್ಟೀವ್ರಿ, ಒಂದು ಸಲ ಹಚ್ಚಿ ನೋಡ್ರಿ. ಕೆಲವು ಸಿಕ್ಕವು, ಕೆಲವು ಸಿಗಲಿಲ್ಲ. ಸಿಗದವರಿಗೆ "ಪ್ರಯತ್ನ ಮಾಡ್ತಿದ್ದೀವಿ" ಎನ್ನುವಾಗ ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು.

ಕಾಕಾ ಬಂದವರೇ ಮೊದಲು ಟಾರ್ಚಿನಲ್ಲಿ ಒಂದೊಂದು ಭರಣಿಯನ್ನೂ ನೋಡಿದರು. ಯಾವುದೂ ಒಡೆದಿರಲಿಲ್ಲ. ಆಮೇಲೆ ಗಂಟೆಗೊಮ್ಮೆ ಹೈಡ್ರೋಮೀಟರು. ಕರೆಂಟು ಬಂದದ್ದು ಬೆಳಗಿನ ಒಂಬತ್ತೂವರೆಗೆ. ಐದೂವರೆ ಗಂಟೆ ಆ ಇಪ್ಪತ್ತನಾಲ್ಕು ಭರಣಿಗಳು ಒಂದು ಊರಿನ ದುಃಖವನ್ನು ಹೊತ್ತವು. ಅದು ಪವಾಡವಾಗಿರಲಿಲ್ಲ. ಹದಿನಾಲ್ಕು ವರ್ಷ ವಾರವಾರ ನಾನೇ ಬರೆದ ಅಂಕಿಗಳಾಗಿತ್ತು.

ಮೂರು ವರ್ಷಕ್ಕೆ ಕಾಕಾ ನಿವೃತ್ತರಾದರು. ನನಗೂ ಬೇರೊಂದು ಊರಿಗೆ ವರ್ಗವಾಯಿತು. ಅಲ್ಲಿ ಹೊಸ ಬ್ಯಾಟರಿ ಬಂತು, ಕ್ಯಾಲ್ಸಿಯಮ್ಮಿನದು, ನೋಡಲು ಚೆಂದ, ಪಾರದರ್ಶಕ ಡಬ್ಬಿ. ನೀರು ಬಹಳ ಬೇಡ ಎಂದು ಹೇಳಿದ್ದನ್ನು ನಾವು ನೋಡುವುದೇ ಬೇಡ ಎಂದು ಕೇಳಿಸಿಕೊಂಡೆವು. ಲಾಗ್ ಬುಕ್ಕು ಕಪಾಟಿಗೆ ಹೋಯಿತು. ನಾನೂ ಸುಮ್ಮನಿದ್ದೆ. ಹದಿನೇಳು ವರ್ಷದ ಅಭ್ಯಾಸ ಬಿಡಲು ಹದಿನೇಳು ದಿನ ಸಾಕಾಯಿತು.

ಚಾರ್ಜರನ್ನು ಹಳೆಯ ಬ್ಯಾಟರಿಗೆ ಹೊಂದಿಸಿದ್ದ 51.6 ವೋಲ್ಟಿನಲ್ಲೇ ಬಿಟ್ಟಿದ್ದರು. ಎಂದರೆ ಸೆಲ್ಲಿಗೆ 2.15. ಸುರ್ಮಾ ಜಾತಿಗೆ ಅದು ನಡೆಯುತ್ತಿತ್ತು. ಕ್ಯಾಲ್ಸಿಯಮ್ಮಿಗೆ ಸೆಲ್ಲಿಗೆ 2.17ರಿಂದ 2.25ರವರೆಗೆ ಬೇಕು, ಯಾವುದಕ್ಕೆ ಎಷ್ಟು ಎಂದು ತಯಾರಕರ ಹಾಳೆಯಲ್ಲಿ ಬರೆದಿರುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ ಅನ್ನಿಸುತ್ತದೆ. ಆದರೆ ವರ್ಷವಿಡೀ ಒಂದು ತುತ್ತು ಕಡಿಮೆ ಉಂಡ ಕೂಸಿನ ಹಾಗೆ ಅದು ಒಳಗೇ ಸೊರಗಿತು. ಪ್ಲೇಟಿನ ಮೇಲೆ ಬಿಳಿ ಪೊರೆ ಕಟ್ಟಿದ್ದು ಪಾರದರ್ಶಕ ಡಬ್ಬಿಯಲ್ಲಿ ಎದ್ದು ಕಾಣುತ್ತಿತ್ತು, ನೋಡುವವರು ಇದ್ದಿದ್ದರೆ. ಮೀಟರಿನ ಮುಳ್ಳು ಮಾತ್ರ ತನ್ನ ಜಾಗದಲ್ಲೇ ಇತ್ತು. ಚಾರ್ಜರಿನ ವೋಲ್ಟೇಜು ಬ್ಯಾಟರಿಯ ಆರೋಗ್ಯ ಹೇಳುವುದಿಲ್ಲ ಎಂಬುದನ್ನು ನಾವು ಮರೆತಿದ್ದೆವು.

1998ರ ಮೇ ತಿಂಗಳು. ಸಂಜೆ ಗಾಳಿಮಳೆಗೆ ಕರೆಂಟು ಹೋಯಿತು. ಎಂಟು ತಾಸು ಬರಬೇಕಾದ ಬ್ಯಾಟರಿ ನಲವತ್ತು ನಿಮಿಷಕ್ಕೆ ಕೈಚೆಲ್ಲಿತು. ಬೋರ್ಡು ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಸೈಕಲ್ಲಿನಲ್ಲಿ ತೊಯ್ದುಕೊಂಡು ಬಂದ. ಹೆಂಡತಿಗೆ ಹೆರಿಗೆ ನೋವು ಎದ್ದಿತ್ತು. ಅಂಗಡಿಯ ಫೋನು ಸತ್ತಿದೆ ಎಂದು ನಮ್ಮ ಹತ್ತಿರವೇ ಬಂದಿದ್ದ, ದವಾಖಾನೆಗೆ ಹಚ್ಚಿ ಜೀಪು ಕರೆಸಲು. "ಅಕ್ಕಾರ, ನೀವ ಫೋನಿನವರಲ್ಲೇನ್ರಿ?" ಎಂದ. ಏನು ಹೇಳಲಿ? ಕೊನೆಗೆ ಒಂದು ಟೆಂಪೋ ಸಿಕ್ಕಿತಂತೆ. ತಾಯಿ ಮಗು ಉಳಿದದ್ದನ್ನು ನಾಲ್ಕು ದಿನದ ಮೇಲೆ ಕೇಳಿ ದೇವರಿಗೆ ಕಾಯಿ ಒಡೆಸಿದೆ. ಆ ಹುಡುಗನ ಮುಖ ಇನ್ನೂ ನನ್ನ ಕಣ್ಣಿಂದ ಹೋಗಿಲ್ಲ.

ಇಷ್ಟು ಕೇಳಿ ಅಣ್ಣನ ಮಗ ಕೊಟೇಶನ್ ಮಡಚಿಟ್ಟ. "ಹಂಗಾದರ ಕ್ಯಾಲ್ಸಿಯಂ ಬ್ಯಾಡ ಅಂತೀರೇನು?"

ಹಾಗಲ್ಲ. ಬ್ಯಾಟರಿ ಆರಿಸುವ ಮೊದಲು ನಿನ್ನ ಕರೆಂಟಿನ ಗುಣ ಹೇಳು ಎಂದೆ. ಎಷ್ಟು ಸಲ ಹೋಗುತ್ತದೆ, ಹೋದಾಗ ಬ್ಯಾಟರಿ ಎಷ್ಟು ಹೊತ್ತು ದುಡಿಯಬೇಕು? ಅವನ ಮಿಲ್ಲಿಗೆ ಹೈಟೆನ್ಷನ್ ಲೈನು. ಎಲ್ಲಾದರೂ ತಂತಿ ಸುಟ್ಟರೆ ದೊಡ್ಡ ಬ್ರೇಕರನ್ನು ಬೀಳಿಸಲು 110 ವೋಲ್ಟಿನ 55 ಸೆಲ್ಲು. ಕರೆಂಟೇ ಅಡ್ಡಾದಿಡ್ಡಿಯಾದಾಗ ಬ್ರೇಕರನ್ನು ಬೀಳಿಸುವ ಶಕ್ತಿ ಆ ಕರೆಂಟಿನಿಂದಲೇ ಬರಬೇಕೆಂದರೆ ಹೇಗೆ? ಅಲ್ಲಿ ಬ್ಯಾಟರಿ ಸತ್ತಿದ್ದರೆ ಬ್ರೇಕರು ಬೀಳುವುದಿಲ್ಲ, ಬೆಂಕಿ ನಿಲ್ಲುವುದಿಲ್ಲ. ಜನರೇಟರು ಒಂದು ನಿಮಿಷದಲ್ಲಿ ಎದ್ದುಬಿಡುತ್ತದೆ, ಹಾಗಾಗಿ ಬ್ಯಾಟರಿ ಖಾಲಿಯಾಗುವುದು ಅಪರೂಪ. ಇಂಥ ಕಡೆ, ಸದಾ ಸಣ್ಣ ಉರಿಯ ಮೇಲೆ ಕೂತಿರುವಲ್ಲಿ, ಕ್ಯಾಲ್ಸಿಯಂ ಒಳ್ಳೆಯದೇ. ಆದರೆ ಅವನು ಆಫೀಸಿನ ಫ್ಯಾನು, ದೀಪಗಳ ಇನ್ವರ್ಟರಿಗೂ ಅದನ್ನೇ ಬರೆಸಿದ್ದ. ದಿನಾ ಎರಡು ಮೂರು ತಾಸು ಖಾಲಿಯಾಗಿ ಮತ್ತೆ ತುಂಬುವ ಕಡೆ ಕ್ಯಾಲ್ಸಿಯಂ ಬೇಗ ಸೋಲುತ್ತದೆ. ಅಲ್ಲಿ ಸ್ವಲ್ಪ ಆಂಟಿಮನಿ ಇರುವ ಟ್ಯೂಬುಲರ್ ಬ್ಯಾಟರಿಯೇ ಸೈ, ನೀರು ಕುಡಿದರೂ ಕುಡಿಯಲಿ. ನಿಮ್ಮ ಮನೆಯ ಇನ್ವರ್ಟರಿನ ಕೆಳಗೆ ಇರುವುದೂ ಬಹುಶಃ ಅದೇ. ಅದಕ್ಕೆ ಬೋರಿನ ನೀರು ಹಾಕಬೇಡಿ. ನಮ್ಮ ಸುಣ್ಣದ ನೆಲದ ನೀರು ಅದಕ್ಕೆ ವಿಷ.

ಇಪ್ಪತ್ತು ವರ್ಷದ ಮಾತನ್ನೂ ಬಿಡಿಸಿ ಹೇಳಿದೆ. ಅದು 25 ಡಿಗ್ರಿ ಶಾಖದ ಲೆಕ್ಕ. ಅದಕ್ಕಿಂತ ಎಂಟು ಹತ್ತು ಡಿಗ್ರಿ ಹೆಚ್ಚಿದರೆ ಆಯುಷ್ಯ ಅರ್ಧ. ನಮ್ಮ ಊರಿನ ಮೇ ತಿಂಗಳು ನಿಮಗೆ ಗೊತ್ತೇ ಇದೆ. ಅವನು ಬ್ಯಾಟರಿಗೆಂದು ತೋರಿಸಿದ ಜಾಗ ಪಶ್ಚಿಮದ ಬಿಸಿಲು ಬೀಳುವ ತಗಡಿನ ಶೆಡ್ಡು. ಉಗ್ರಾಣದ ಉತ್ತರಕ್ಕೆ ಗಾಳಿಯಾಡುವ ಖೋಲಿ ಖಾಲಿಯಿತ್ತು, ಅಲ್ಲಿ ತೊಗರಿ ಚೀಲ ಇಡಬೇಕೆಂದಿದ್ದ. ಚೀಲ ಶೆಡ್ಡಿಗೆ ಹೋಗಲಿ ಎಂದೆ. ಮುಖ ಸಣ್ಣದು ಮಾಡಿಕೊಂಡ, ಒಪ್ಪಿದ.

ಮಳೆಗಾಲದ ಮೊದಲು ನಾನೇ ಶರಣಸಿರಸಗಿಗೆ ಹೋಗಿದ್ದೆ. ಖೋಲಿಗೆ ಆಸಿಡ್ ತಾಳುವ ಟೈಲ್ಸ್ ಹಾಕಿಸಿದ್ದ, ಮೇಲೆ ಗಾಳಿ ಹೋಗಲು ಜಾಳಿಗೆ ಬಿಟ್ಟಿದ್ದ. ಚಾರ್ಜರನ್ನು ಹೊಸ ಹಾಳೆಯ ಪ್ರಕಾರ ಹೊಂದಿಸಿದ್ದರು. ವರ್ಷಕ್ಕೊಮ್ಮೆ ನಿಜವಾಗಿ ಖಾಲಿ ಮಾಡಿ ಪರೀಕ್ಷಿಸಬೇಕು, ನೂರಕ್ಕೆ ಎಂಬತ್ತಕ್ಕಿಂತ ಕೆಳಗಿಳಿದರೆ ಬದಲಿಸಬೇಕು ಎಂದು ಗೋಡೆಗೆ ಬರೆಸಿದೆ. ಲೆಕ್ಕ ಇಡಲು ಅವನ ಹೆಂಡತಿಯೇ ಮುಂದೆ ಬಂದಳು. ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಿಗೆ ಗೆರೆ ಹಾಕಿಕೊಂಡಿದ್ದಳು. ಹೈಡ್ರೋಮೀಟರನ್ನು ಮೊದಲ ಸೆಲ್ಲಿನಲ್ಲಿ ಅದ್ದಿ, ಕಾಕಾನ ಹಾಗೆಯೇ ಕಣ್ಣು ಕಿರಿದು ಮಾಡಿ, "1215 ತೋರಸ್ತದ್ರಿ ಅತ್ತಿ, ಬರಕೊಳ್ಳಲೇನು?" ಎಂದು ಕೇಳಿದಳು.

"ಮೊದಲು ಸೆರಗು ಸಿಗಿಸಿಕೊ" ಎಂದೆ.