ಯಾವ ಮೀನಿಗೆ ಯಾವ ಜೊತೆ? ಕಲ್ಯಾಣದಿಂದ ಅಲ್-ಅಹ್ಸಾವರೆಗೆ

ಮನೆಗೊಂದು ಸಣ್ಣ ಅಕ್ವೇರಿಯಂ ಬೇಕು ಅಂತ ಮಕ್ಕಳು ಹಟ ಹಿಡಿದಿದ್ದಾರಾ? ದಮ್ಮಾಮ್ ಇರಲಿ, ರಿಯಾದ್ ಇರಲಿ, ಅಂಗಡಿಗೆ ಹೋಗೋ ಮುಂಚೆ ಇದನ್ನು ಓದಿ. ಅಂಗಡಿಯಲ್ಲಿ ನಾವೆಲ್ಲ ಬಣ್ಣ ನೋಡಿ ಮೀನು ಆರಿಸುತ್ತೇವೆ. ಆದರೆ ಯಾವ ಮೀನು ಯಾವುದರ ಜೊತೆ ಬಾಳುತ್ತೆ ಅನ್ನೋದನ್ನು ಬಣ್ಣ ಹೇಳೋದಿಲ್ಲ. ಅದು ಯಾವ ನೀರಿನದು, ಎಷ್ಟು ಬೆಳೆಯುತ್ತೆ, ಏನು ತಿನ್ನುತ್ತೆ – ಈ ಮೂರು ಪ್ರಶ್ನೆ ಕೇಳಬೇಕು. ಇವು ಹೊಸ ಪ್ರಶ್ನೆಗಳಲ್ಲ. ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಸುಮಾರು ಒಂಬೈನೂರು ವರ್ಷದ ಹಿಂದೆಯೇ ಒಬ್ಬ ರಾಜ ಇವನ್ನು ಕೇಳಿದ್ದ.

ಆ ರಾಜ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ. ಸುಮಾರು 1130ರಲ್ಲಿ ಅವನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ರಚಿಸಿದ. ಅದರಲ್ಲಿ ‘ಮತ್ಸ್ಯವಿನೋದ’ ಅಂತ ಒಂದು ಭಾಗವಿದೆ. ವಿಷಯ, ಗಾಳ ಹಾಕಿ ಮೀನು ಹಿಡಿಯುವ ಆಟ. ಸಮುದ್ರದ ಮೀನು ಬೇರೆ, ಸಿಹಿನೀರಿನದು ಬೇರೆ; ಹುರುಪೆ ಇರೋದು ಬೇರೆ, ಇಲ್ಲದ್ದು ಬೇರೆ; ದೊಡ್ಡದು, ಮಧ್ಯಮ, ಸಣ್ಣದು ಬೇರೆ ಬೇರೆ. ಯಾವುದಕ್ಕೆ ಯಾವ ಆಹಾರ ಅನ್ನೋದೂ ಅಲ್ಲಿದೆ. ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಬಗ್ಗೆ ವಿಜ್ಞಾನಿಯ ಕಣ್ಣಿನಿಂದ ಬರೆದರು. ನಾನು ಹೊಟ್ಟೆಪಾಡಿಗೆ ಡೇಟಾ ಜೊತೆ ಗುದ್ದಾಡುವವಳು. ನನಗಂತೂ ಇದು ಅಚ್ಚುಕಟ್ಟಾದ ಕೋಷ್ಟಕದ ಹಾಗೆಯೇ ಕಾಣುತ್ತೆ. ಸೋಮೇಶ್ವರನಿಗೆ ಮೀನು ಹಿಡಿಯಬೇಕಿತ್ತು, ನಮಗೆ ಸಾಕಬೇಕು. ಕಾಲಮ್ಮುಗಳು ಮಾತ್ರ ಅವೇ.

ಇನ್ನು ಗಾಜಿನ ತೊಟ್ಟಿಯ ಕಥೆಗೆ ಬರೋಣ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 1849ರಲ್ಲಿ ಒಂದು ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಷ್ ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟ. ಗಿಡ ಆಮ್ಲಜನಕ ಕೊಡುತ್ತೆ, ಮೀನು ಬದುಕುತ್ತೆ ಅನ್ನೋದು ಲೆಕ್ಕ. ಆದರೆ ಉದುರಿದ ಎಲೆ ಕೊಳೆತು ನೀರು ಕೆಟ್ಟಿತು. ಆಗ ಅವನು ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಊಟವಾಯಿತು. 1850ರಲ್ಲಿ ಈ ಪ್ರಯೋಗ ಪ್ರಕಟವಾಯಿತು. ನೋಡಿ, ಮೀನು-ಗಿಡಗಳ ನಡುವೆ ತಪ್ಪಿದ ತಾಳ ಸರಿಯಾಗಿದ್ದು ಯಾರೂ ತಿರುಗಿ ನೋಡದ ಬಸವನಹುಳುವಿನಿಂದ.

ಜೊತೆ ತಪ್ಪಿದರೆ ಏನಾಗುತ್ತೆ? ಅದಕ್ಕೆ ದೊಡ್ಡ ಉದಾಹರಣೆ ಗ್ಯಾಂಬೂಸಿಯಾ. ಅಮೆರಿಕದ ಈ ಪುಟ್ಟ ಮೀನು ಸೊಳ್ಳೆ ಮರಿಗಳನ್ನು ತಿನ್ನುತ್ತೆ ಅಂತ ಮಲೇರಿಯಾ ಕಾಲದಲ್ಲಿ ಜಗತ್ತಿಗೆಲ್ಲ ಹಂಚಿದರು. 1928ರಲ್ಲಿ ಇಟಲಿಯಿಂದ ಭಾರತಕ್ಕೂ ಬಂತು. ನಿಮ್ಮ ಅಜ್ಜಿ ಊರಿನ ಬಾವಿಗೆ ಆರೋಗ್ಯ ಇಲಾಖೆಯವರು ಗಪ್ಪಿಯನ್ನೋ ಇದನ್ನೋ ಬಿಟ್ಟಿದ್ದಿರಬಹುದು. ಸೌದಿಗೂ ಇದು ಬಂದಿದ್ದು ಸೊಳ್ಳೆಯ ನೆಪದಲ್ಲೇ. ವಿಚಿತ್ರ ಏನಂದ್ರೆ, ಸೊಳ್ಳೆ ಮರಿ ತಿನ್ನುವ ಮೀನು ಇಲ್ಲಿ ಮೊದಲೇ ಇತ್ತು: ಅರೇಬಿಯನ್ ಕಿಲ್ಲಿಫಿಶ್. 1829ರಲ್ಲಿ ರುಪೆಲ್ ಎಂಬ ಜರ್ಮನ್ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟಿದ್ದ. ಸಿಹಿನೀರಿನಲ್ಲೂ ಸೈ, ಸಮುದ್ರಕ್ಕಿಂತ ಉಪ್ಪಾದ ನೀರಿನಲ್ಲೂ ಸೈ. ಅಲ್-ಅಹ್ಸಾದ ಖರ್ಜೂರದ ತೋಟಗಳ ನೀರಿನಲ್ಲಿ ಅದರ ವಾಸ.

ಗ್ಯಾಂಬೂಸಿಯಾ ಬೇರೆ ಮೀನುಗಳ ರೆಕ್ಕೆ ಕಚ್ಚುತ್ತೆ, ಮರಿಗಳನ್ನು ನುಂಗುತ್ತೆ. ಮೆಡಿಟರೇನಿಯನ್ ಸುತ್ತ ಕಿಲ್ಲಿಫಿಶ್‌ನ ಬಂಧುಗಳು ಅದರ ಮುಂದೆ ಹಿಂದೆ ಸರಿದಿವೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ‘ಏನು ತಿನ್ನುತ್ತೆ’ ಅನ್ನೋ ಕಾಲಮ್ಮಿನಲ್ಲಿ ‘ಸೊಳ್ಳೆ’ ಅಂತ ಬರೆದವರು ‘ಇನ್ನೇನು ತಿನ್ನುತ್ತೆ’ ಅಂತ ಕೇಳಲೇ ಇಲ್ಲ.

ಈಗ ನಿಮ್ಮ ತೊಟ್ಟಿ. 40 ಲೀಟರ್ ಅಂದುಕೊಳ್ಳಿ. ಮೊದಲು ನೀರು ನೋಡಿ. ರಿಯಾದ್‌ನ ನಲ್ಲಿಗೆ ಬರೋದು ಜುಬೈಲ್‌ನಿಂದ 400 ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಬಂದ, ಉಪ್ಪು ತೆಗೆದ ಸಮುದ್ರದ ನೀರು, ಜೊತೆಗೆ ಅಂತರ್ಜಲ. ಅದರ ಗಡಸು ಬಡಾವಣೆಗೆ ತಕ್ಕ ಹಾಗೆ ಬದಲಾಗಬಹುದು. ಪರೀಕ್ಷಾ ಪಟ್ಟಿ ಅದ್ದಿ ನೋಡಿ. ಕ್ಲೋರಿನ್ ತೆಗೆಯಿರಿ. ಬೇಸಿಗೆಯಲ್ಲಿ ಛಾವಣಿ ಟ್ಯಾಂಕಿನ ಬಿಸಿನೀರನ್ನು ನೇರ ಸುರಿಯಬೇಡಿ.

ಗಡಸು ನೀರಿದ್ದರೆ ಗಪ್ಪಿಗೆ ಹಬ್ಬ. ಆರು ಗಂಡು ಗಪ್ಪಿ ಸಾಕು. ಹೆಣ್ಣು ಸೇರಿಸಿದರೆ ತಿಂಗಳಿಗೊಮ್ಮೆ ಮರಿ, ಆಮೇಲೆ ನೆರೆಹೊರೆಗೆಲ್ಲ ಹಂಚಬೇಕು. ನಿಯಾನ್ ಟೆಟ್ರಾ ಅಮೆಜಾನಿನ ಮೆದು ನೀರಿನದು. ಗಡಸು ನೀರಿನಲ್ಲಿ ಗಪ್ಪಿಯ ಪಕ್ಕ ಅದನ್ನು ಬಿಡಬೇಡಿ. ಬೆಟ್ಟಾ ಒಂಟಿ ಪ್ರಾಣಿ. ಗಪ್ಪಿಯ ಉದ್ದ ಬಾಲ ಕಂಡರೆ ಜಗಳ. ಏಂಜೆಲ್ ಫಿಶ್ ಬೆಳೆದ ಮೇಲೆ ಸಣ್ಣ ಮೀನನ್ನೇ ತಿನ್ನುತ್ತೆ. ಗೋಲ್ಡ್‌ಫಿಷ್‌ಗೆ ತಂಪು ನೀರು, ದೊಡ್ಡ ಜಾಗ ಬೇಕು. ವಾರಿಂಗ್‌ಟನ್‌ನ ಗಿಡ ಮತ್ತು ಬಸವನಹುಳು ಮಾತ್ರ ಇಂದಿಗೂ ಒಳ್ಳೆ ಜೊತೆ. ಮೀನು ಬಿಡೋ ಮುಂಚೆ ಫಿಲ್ಟರ್ ಕೆಲವು ವಾರ ಓಡಲಿ, ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲಿ. ಮಕ್ಕಳು ಗೊಣಗ್ತಾರೆ, ಗೊಣಗಲಿ.

ಇನ್ನೊಂದು ಮಾತು. ವೀಸಾ ಮುಗಿಯುತ್ತೆ, ಊರು ಬದಲಾಗುತ್ತೆ, ತೊಟ್ಟಿ ಮಾತ್ರ ಉಳಿಯುತ್ತೆ. ಆಗ ‘ಪಾಪ, ಬದುಕ್ಕೊಳ್ಳಲಿ’ ಅಂತ ವಾದಿ ಹನೀಫಾಗೆ ಮೀನು ಬಿಡಬೇಡಿ. ಅಮೆರಿಕ ಖಂಡದ ಸೈಲ್‌ಫಿನ್ ಮಾಲಿ ಈಗಾಗಲೇ ಅಲ್ಲಿ ಸಂಸಾರ ಹೂಡಿದೆ. ಅಲ್-ಅಹ್ಸಾದಲ್ಲಂತೂ ತಾನಾಗಿ ಉಕ್ಕುತ್ತಿದ್ದ ಬುಗ್ಗೆಗಳೇ ಬತ್ತಿವೆ. 1971ರಿಂದ ನೀರು ಕಾಂಕ್ರೀಟ್ ಕಾಲುವೆಗಳಲ್ಲಿ ಹರಿಯತೊಡಗಿತು. ಸ್ಥಳೀಯ ಮೀನಿಗೆ ಉಳಿದಿರೋ ಜಾಗ ಕಡಿಮೆ. ಆದ್ದರಿಂದ ನಿಮ್ಮ ಮೀನನ್ನು ಇನ್ನೊಬ್ಬ ಸಾಕುವವರಿಗೆ ಕೊಡಿ, ಅಂಗಡಿಗೆ ವಾಪಸ್ ಕೊಡಿ. ಜೊತೆ ಆರಿಸೋದು ತೊಟ್ಟಿಯೊಳಗೆ ಮುಗಿಯೋ ಕೆಲಸ ಅಲ್ಲ.