ಕೆಂಪೇರುವ ಕೆನ್ನೆಯ ಹಿಂದೆ

ಲಂಡನ್ನಿನ ವೈದ್ಯ ಥಾಮಸ್ ಬರ್ಜೆಸ್ 1839ರಲ್ಲಿ ನಾಚಿ ಕೆಂಪಾಗುವ ಮುಖದ ಬಗ್ಗೆಯೇ ಒಂದು ಗ್ರಂಥ ಬರೆದ. ಒಳಗಿನ ತಪ್ಪು ಕೆನ್ನೆಯ ಮೇಲೆ ಮೂಡಿ ಮನುಷ್ಯನನ್ನು ಹದ್ದುಬಸ್ತಿನಲ್ಲಿಡಲಿ ಎಂದು ಸೃಷ್ಟಿಕರ್ತನೇ ಈ ಏರ್ಪಾಡು ಮಾಡಿದ್ದಾನೆಂಬುದು ಅವನ ವಾದ. ಕೇಳಲು ಸೊಗಸಾದ ಈ ನಂಬಿಕೆಗೆ ಕೆಟ್ಟ ಬಳಕೆಯೂ ಇತ್ತು. ಕೆನ್ನೆ ಕೆಂಪೇರದವರನ್ನು ನಂಬುವುದು ಹೇಗೆ ಎಂದು ದಕ್ಷಿಣ ಅಮೆರಿಕದ ಮೂಲನಿವಾಸಿಗಳನ್ನು ಸ್ಪೇನಿನವರು ಹೀಗಳೆಯುತ್ತಿದ್ದರು. ಪ್ರವಾಸಿ-ವಿಜ್ಞಾನಿ ಹಂಬೋಲ್ಟ್ ಆ ಮಾತನ್ನು ದಾಖಲಿಸಿದ್ದಾನೆ. ವಿಚಿತ್ರವೆಂದರೆ, ಅದಕ್ಕೆ ಉತ್ತರ ಬರ್ಜೆಸ್‌ನ ಬಳಿಯೇ ಇತ್ತು. ಕಪ್ಪು ಮಹಿಳೆಯೊಬ್ಬಳ ಮುಖದ ಮೇಲಿನ ಗಾಯದ ಕಲೆ, ಯಾರಾದರೂ ಗದರಿದಾಗಲೆಲ್ಲ ಕೆಂಪಾಗುವುದನ್ನು ಅವನು ಕಣ್ಣಾರೆ ಕಂಡಿದ್ದ. ರಕ್ತ ಎಲ್ಲರ ಮುಖಕ್ಕೂ ನುಗ್ಗುತ್ತದೆ. ಚರ್ಮದ ಬಣ್ಣ ಅದನ್ನು ಮರೆಮಾಡುತ್ತದೆ, ಅಷ್ಟೆ.

ಡಾರ್ವಿನ್ ಇದನ್ನೇ ಹಿಡಿದು ಹೊರಟ. 1867ರಲ್ಲಿ ಲೋಕದ ನಾನಾ ಮೂಲೆಗಳಿಗೆ ಪ್ರಶ್ನಾವಳಿ ಕಳಿಸಿ, ನಾಚಿಕೆಯ ಕೆಂಪು ಮೈಯಲ್ಲಿ ಎಷ್ಟು ಕೆಳಗಿನವರೆಗೆ ಇಳಿಯುತ್ತದೆ ಎಂದೂ ವಿಚಾರಿಸಿದ. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಸ್ಕಾಟ್ ಎಂಬಾತ, ಸಿಕ್ಕಿಮಿನ ಲೆಪ್ಚಾ ಜನರ ಕೆನ್ನೆ, ಕಿವಿಯ ಬುಡ, ಕತ್ತುಗಳಲ್ಲಿ ಮಸುಕಾದ ಕೆಂಪು ಕಂಡಿದ್ದಾಗಿ ತಿಳಿಸಿದ. 1872ರಲ್ಲಿ ಬಂದ ಭಾವಾಭಿವ್ಯಕ್ತಿಯ ಗ್ರಂಥದಲ್ಲಿ ಡಾರ್ವಿನ್ ಮುಂದಿಟ್ಟ ಊಹೆ ಹೀಗಿದೆ: ಇತರರು ನೋಡುತ್ತಿದ್ದಾರೆಂದು ಅನಿಸಿದೊಡನೆ ನಮ್ಮ ಗಮನ ನಮ್ಮದೇ ಮುಖದ ಕಡೆ ತಿರುಗುತ್ತದೆ, ಗಮನ ತಿರುಗಿದ ಕಡೆ ಸಣ್ಣ ರಕ್ತನಾಳಗಳು ಸಡಿಲವಾಗುತ್ತವೆ. ಪುರಾವೆ ಮಾತ್ರ ತೆಳುವಾಗಿತ್ತು.

ನರಕ್ಕೂ ರಕ್ತನಾಳಕ್ಕೂ ಇರುವ ನಂಟು ಅಷ್ಟರಲ್ಲಾಗಲೇ ಬಯಲಾಗಿತ್ತು. ಫ್ರಾನ್ಸಿನ ಕ್ಲೋಡ್ ಬರ್ನಾರ್ 1851ರಲ್ಲಿ ಮೊಲದ ಕತ್ತಿನ ಅನುವೇದಕ (ಸಿಂಪಥೆಟಿಕ್) ನರವನ್ನು ಕತ್ತರಿಸಿದಾಗ ಆ ಬದಿಯ ಕಿವಿ ಬಿಸಿಯಾಯಿತು. ಮರುವರ್ಷ ಶರೀರವಿಜ್ಞಾನಿ ಬ್ರೌನ್-ಸೆಕಾರ್ ಅದೇ ನರಕ್ಕೆ ವಿದ್ಯುತ್ ಹಾಯಿಸಿದಾಗ ನಾಳಗಳು ಬಿಗಿದುಕೊಂಡವು. ಹೆದರಿದವರ ಮುಖ ಬಿಳಿಚಿಕೊಳ್ಳುವುದಕ್ಕೆ ಇದರಿಂದ ಕಾರಣ ಸಿಕ್ಕಿತು. ಕೆಂಪೇರುವುದೆಂದರೆ ಆ ಬಿಗಿ ಕಳಚುವುದಷ್ಟೇ ಎಂಬ ಸುಲಭದ ತೀರ್ಮಾನಕ್ಕೂ ಅದು ದಾರಿಯಾಯಿತು.

ಆ ತೀರ್ಮಾನ ಅರ್ಧ ಸತ್ಯ. ಒಂದು ಬದಿಯ ಅನುವೇದಕ ನರ ಹಾಳಾದ ರೋಗಿಗಳನ್ನು ಆಸ್ಟ್ರೇಲಿಯಾದ ಪೀಟರ್ ಡ್ರಮಂಡ್ ಮತ್ತು ಜೇಮ್ಸ್ ಲಾನ್ಸ್ ಪರೀಕ್ಷಿಸಿ 1987ರಲ್ಲಿ ವರದಿ ಪ್ರಕಟಿಸಿದರು. ಮೈ ಬಿಸಿಯೇರಿದಾಗ ಆ ಬದಿಯ ಮುಖ ಇನ್ನೊಂದು ಬದಿಯಷ್ಟು ಕೆಂಪೇರುತ್ತಿರಲಿಲ್ಲ. ಬಿಗಿಯುವ ನರವೇ ಮುಖದ ನಾಳಗಳನ್ನು ಹಿಗ್ಗಿಸಲೂ ಬಲ್ಲದು ಎಂದಾಯಿತು. ಆ ನರದ ಸಂಕೇತವನ್ನು ಹಿಡಿಯುವ ಬೀಟಾ ಗ್ರಾಹಕಗಳನ್ನು ತಡೆಯುವ ಔಷಧದಿಂದ ಮುಜುಗರದ ಕೆಂಪು ಸ್ವಲ್ಪ ಮಟ್ಟಿಗೆ ತಗ್ಗುತ್ತದೆಂದು ಡ್ರಮಂಡ್ 1997ರಲ್ಲಿ ತೋರಿಸಿದರು.

ಡ್ರಮಂಡ್ ಅವರದೇ 2004ರ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಹಾಡುತ್ತಿದ್ದವರ ಮುಖದ ಒಂದೇ ಬದಿಯನ್ನು ಒಬ್ಬರು ದಿಟ್ಟಿಸಿ ನೋಡುತ್ತ ಕುಳಿತರು. ದಿಟ್ಟಿಸಿದ ಬದಿಯಲ್ಲಿ ರಕ್ತದ ಹರಿವು ಇನ್ನೊಂದು ಬದಿಗಿಂತ ಹೆಚ್ಚಾಯಿತು! ಡಾರ್ವಿನ್ನನ ಊಹೆಗೆ ಬಲ ಬರಲು ನೂರ ಮೂವತ್ತು ವರ್ಷ ಹಿಡಿಯಿತು.

ನರ ಮತ್ತು ಗಮನದ ಈ ಸಂಗತಿಗಳಿಗೆ ಚಿಕಿತ್ಸೆಯೊಂದಿಗೂ ನಂಟಿದೆ. ಕೆಂಪೇರುವ ಭಯದಿಂದ ನರಳುವವರಲ್ಲಿ ಕೆಲವರು ಎದೆಗೂಡಿನೊಳಗಿನ ಅನುವೇದಕ ನರವನ್ನೇ ಕತ್ತರಿಸಿಕೊಳ್ಳುತ್ತಾರೆ. ಆಮೇಲೆ ಬೆನ್ನು, ಹೊಟ್ಟೆಗಳಲ್ಲಿ ವಿಪರೀತ ಬೆವರು ಅನೇಕರನ್ನು ಕಾಡುತ್ತದೆ. ನೆದರ್‌ಲ್ಯಾಂಡ್ಸಿನ ಮನೋವಿಜ್ಞಾನಿ ಸುಸಾನ್ ಬೋಗೆಲ್ಸ್ ಹಿಡಿದ ದಾರಿ ಬೇರೆ: ತನ್ನ ಮುಖದ ಚಿಂತೆ ಬಿಟ್ಟು ಎದುರಿನ ಮಾತಿಗೆ, ಕೈಯಲ್ಲಿರುವ ಕೆಲಸಕ್ಕೆ ಗಮನ ಕೊಡುವ ತರಬೇತಿ. ಇದನ್ನು ಪ್ರಯತ್ನಿಸದೆ ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋಗುವುದು ದುಡುಕು.