ಮೊದಲ ತಾಸಿನ ನೀರು

ಹುನಗುಂದ, ಇಳಕಲ್ ಕಡೆ ಹೊಲದಾಗ ಬೋರ್ ಹಾಕಿಸಿದವರನ್ನ ಎಲ್ಲರೂ ಕೇಳೋದು ಒಂದೇ ಮಾತು: ‘ಎಷ್ಟು ಇಂಚು ನೀರು ಬಿತ್ತು?’ ಬೋರಿನ ಗಾಡಿಯವರು ಕಂಪ್ರೆಸರ್ ಗಾಳಿ ಬಿಟ್ಟು ನೀರು ಚಿಮ್ಮಿಸಿ ‘ಎರಡಿಂಚು ಐತ್ರಿ’ ಅಂದರೆ ಸಾಕು. ಮೋಟಾರು, ಪೈಪು, ಅದಕ್ಕೆ ತೆಗೆಯೋ ಸಾಲ ಎಲ್ಲವೂ ಆ ಒಂದು ಅಂಕಿಯ ಮೇಲೆ ತೀರ್ಮಾನ ಆಗುತ್ತೆ. ನಮ್ಮ ಆಫೀಸಿನಲ್ಲಿ ಒಂದೇ ರಿಕ್ವೆಸ್ಟ್ ಕಳಿಸಿ ಸರ್ವರ್ ಗಟ್ಟಿ ಇದೆ ಅಂದರೆ ಯಾರಾದರೂ ಒಪ್ತಾರಾ? ಲೋಡ್ ಟೆಸ್ಟ್ ಎಲ್ಲಿ ಅಂತ ಕೇಳ್ತಾರೆ. ನೆಲಕ್ಕೂ ಅಂಥ ಟೆಸ್ಟ್ ಇದೆ. ಅದರ ಗಣಿತ ಬಂದದ್ದು ಶಾಖದ ಪಾಠದಿಂದ.

1906ರಲ್ಲಿ ಜರ್ಮನಿಯ ಗುಂಟರ್ ಥೀಮ್ ಬಾವಿಗೆ ಒಂದು ಸೂತ್ರ ಕೊಟ್ಟಿದ್ದ. ಆದರೆ ನೀರಿನ ಮಟ್ಟ ಇಳಿದು ಒಂದು ಕಡೆ ನಿಂತಮೇಲಷ್ಟೇ ಅದು ಉಪಯೋಗ. ಪಂಪ್ ನಡೆದಂತೆ ಮಟ್ಟ ಇಳೀತಾನೇ ಹೋದರೆ? ಅಮೆರಿಕದ ಭೂವಿಜ್ಞಾನಿ ಚಾರ್ಲ್ಸ್ ಥೀಸ್‌ಗೆ ಒಂದು ಹೋಲಿಕೆ ಹೊಳೀತು: ಲೋಹದಲ್ಲಿ ಶಾಖ ಹರಿಯೋದೂ ನೆಲದೊಳಗೆ ಬಾವಿಯ ಕಡೆ ನೀರು ಹರಿಯೋದೂ ಒಂದೇ ಲೆಕ್ಕ. ಗಣಿತಜ್ಞ ಕ್ಲಾರೆನ್ಸ್ ಲುಬಿನ್ ಸಹಾಯದಿಂದ 1935ರಲ್ಲಿ ಅವನು ಕಾಲವನ್ನೂ ಸೇರಿಸಿದ ಸೂತ್ರ ಪ್ರಕಟಿಸಿದ. ಪಂಪ್ ಬಂದ್ ಮಾಡಿದ ಮೇಲೆ ನೀರು ಎಷ್ಟು ಬೇಗ ಏರುತ್ತೆ ಅನ್ನೋದರಿಂದಲೂ ನೆಲ ಎಷ್ಟು ನೀರು ಹರಿಸಬಲ್ಲದು ಅಂತ ತಿಳಿಯಬಹುದು.

ಶಾಖದಿಂದ ಸಾಲ ತಂದ ಈ ವಿದ್ಯೆ ಶಾಖಕ್ಕೂ ಕೆಲಸಕ್ಕೆ ಬಂತು. 1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಲಡಾಖಿನ ಪುಗಾ ಕಣಿವೆಯಲ್ಲಿ 34 ಬಾವಿ ಕೊರೆಯಿತು. ಅತಿ ಆಳದ್ದೂ ಸುಮಾರು 385 ಮೀಟರ್, ಅಂದರೆ 1,260 ಅಡಿ ಅಷ್ಟೇ. ಬಿಸಿನೀರು, ಹಬೆ ಬಂದವು. ಆದರೆ ಅಂಥಲ್ಲಿ ಚಿಮ್ಮಿದ್ದು ನೋಡಿ ಯಾರೂ ವಿದ್ಯುತ್ ಸ್ಥಾವರ ಕಟ್ಟಲ್ಲ. ಕೊರೆಯುವಾಗ ಬಿಟ್ಟ ನೀರಿಗೆ ಬಾವಿ ತಣ್ಣಗಾಗಿರುತ್ತೆ, ಮುಚ್ಚಿಟ್ಟು ಕಾದರೇನೇ ಅಸಲಿ ಬಿಸಿ ಗೊತ್ತಾಗೋದು. ನಮ್ಮ ಕಡೆ ಆ ಬಿಸಿ ಇಲ್ಲ ಬಿಡಿ. ಕೋಲಾರದ ಚಿನ್ನದ ಗಣಿ 3 ಕಿ.ಮೀ. ದಾಟಿ ಇಳಿದಾಗಲೂ ಕಲ್ಲಿನ ಬಿಸಿ ಸುಮಾರು 65 ಡಿಗ್ರಿ. ಆದರೆ ಕಾಯೋ ಪಾಠ ನಮಗೂ ಬೇಕು.

ಯಾಕಂದ್ರೆ ಮೊದಲ ತಾಸು ಮೋಸ ಮಾಡುತ್ತೆ. ಅಗಲವಾದ ತೆರೆದ ಬಾವಿಯಲ್ಲಿ ಮೊದಲು ಮೇಲೆ ಬರೋದು ಬಾವಿಯಲ್ಲೇ ನಿಂತಿದ್ದ ನೀರು, ನೆಲದ್ದಲ್ಲ. ಇದನ್ನು ಲೆಕ್ಕಕ್ಕೆ ಹಿಡಿಯೋ ಸೂತ್ರವನ್ನು ಪಾಪಡೋಪುಲಸ್ ಮತ್ತು ಕೂಪರ್ 1967ರಲ್ಲಿ ಕೊಟ್ಟರು. ಬೋರಿನಲ್ಲಿ ಮೋಸದ ಬಗೆ ಬೇರೆ. ರಾಬರ್ಟ್ ಬ್ರೂಸ್ ಫುಟ್ ಈ ಸೀಮೆಯ ಕಲ್ಲುಗಳ ವಿವರವನ್ನು 1876ರಲ್ಲೇ ಬರೆದಿದ್ದ: ಬಾದಾಮಿಯ ಮರಳುಗಲ್ಲು, ಬಾಗಲಕೋಟೆಯ ಸುಣ್ಣದ ಕಲ್ಲು, ಅವಕ್ಕೂ ಹಳೆಯ ಗಟ್ಟಿ ಶಿಲೆ. ಇಳಕಲ್ಲಿನ ಗ್ರಾನೈಟ್ ತಾನಾಗಿ ನೀರು ಹಿಡಿಯಲ್ಲ, ನೀರಿರೋದು ಮೇಲಿನ ಸವೆದ ಪದರಿನಲ್ಲಿ, ಕೆಳಗಿನ ಬಿರುಕಿನಲ್ಲಿ. ತುಂಬಿದ ಬಿರುಕು ಸಿಕ್ಕರೆ ಮೊದಲ ದಿನ ಎರಡಿಂಚು ಖಂಡಿತ. ಅದು ಬೇರೆ ಬಿರುಕುಗಳಿಗೆ ಕೂಡಿಕೊಂಡಿಲ್ಲದಿದ್ದರೆ ಖಾಲಿಯಾಗುತ್ತೆ, ಸಾಲ ಉಳಿಯುತ್ತೆ.

ಹಾಗಾಗಿ ಮೋಟಾರು ಕೊಳ್ಳೋ ಮುಂಚೆ ಬಾಡಿಗೆ ಪಂಪನ್ನು ಒಂದು ದಿನವಾದರೂ ಒಂದೇ ಸಮ ಓಡಿಸಿ, ಮಟ್ಟ ಇಳಿಯೋದನ್ನೂ ಏರೋದನ್ನೂ ಬರೆದಿಡಬೇಕು. ಇನ್ನೊಂದು ಮಾತು. ನೆಲ ಎಷ್ಟು ನೀರು ಹರಿಸುತ್ತೆ ಅನ್ನೋದು ನಮ್ಮ ಬಾವಿಯಿಂದಲೇ ತಿಳಿಯುತ್ತೆ. ಎಷ್ಟು ನೀರು ಕೂಡಿಟ್ಟುಕೊಂಡಿದೆ ಅಂತ ನಂಬೋ ಹಾಗೆ ತಿಳಿಯೋಕೆ ಪಕ್ಕದ ಬಾವಿಯ ಮಟ್ಟವನ್ನೂ ಅಳೀಬೇಕು. ಬದುವಿನ ಆಚೆಯವನ ಜೊತೆ ಬೋರಿನ ಸಲುವಾಗಿ ಮಾತು ಬಿಟ್ಟವರಿಗೆ ಈ ಟೆಸ್ಟ್ ಪೂರ್ತಿ ಆಗಲ್ಲ.